ರೆಪ್ಪೆಗೂದಲು ಕಣ್ಣಿಗೆ ಚುಚ್ಚುತ್ತಿದೆ: ಕೀಳುತ್ತಲೇ ಇರಬೇಕಾ?

ಪ್ರಶ್ನೆ: ನಮ್ಮ ಅಮ್ಮನಿಗೆ 69 ವರ್ಷ. ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಒಂದು ವರ್ಷದಿಂದ ಅವರ ಎಡಗಣ್ಣು ಕರಕರ ಅನ್ನುತ್ತದೆ, ನೀರು ಸುರಿಯುತ್ತದೆ, ಬೆಳಗ್ಗೆ ಎದ್ದರೆ ಗೀಜು ಕಟ್ಟಿರುತ್ತದೆ. ಕೆಳರೆಪ್ಪೆಯ ಕೂದಲು ಒಳಗೆ ತಿರುಗಿ ಚುಚ್ಚುತ್ತಿದೆ ಅಂತ ಹತ್ತಿರದ ಕ್ಲಿನಿಕ್‌ನಲ್ಲಿ ಕಿತ್ತು, ಡ್ರಾಪ್ಸ್ ಕೊಟ್ಟು ಕಳಿಸುತ್ತಾರೆ. ಒಂದೆರಡು ತಿಂಗಳಿಗೆ ಮತ್ತೆ ಅದೇ ಕಥೆ. ಈಚೆಗೆ ನಾನೇ ಮನೆಯಲ್ಲಿ ಪ್ಲಕರ್ ಹಿಡಿದು ಕೀಳುತ್ತಿದ್ದೇನೆ. ಅದೇ ಕಣ್ಣಿಗೆ ಪೊರೆಯ ಆಪರೇಷನ್ ಕೂಡ ಆಗಬೇಕಂತೆ. ಯಾವುದನ್ನು ಮೊದಲು ಮಾಡಿಸಬೇಕು? ಲೇಸರ್‌ನಲ್ಲಿ ಶಾಶ್ವತವಾಗಿ ಹೋಗುತ್ತಾ? ನನ್ನ ನಾಲ್ಕು ವರ್ಷದ ಮಗನ ಕೆಳರೆಪ್ಪೆಯ ಕೂದಲೂ ಕಣ್ಣಿಗೆ ತಾಗುವ ಹಾಗೆ ಕಾಣುತ್ತದೆ. ಇದು ವಂಶದಲ್ಲಿ ಬರುವುದಾ?

ಉತ್ತರ: ಮೊದಲು ಆ ಪ್ಲಕರ್ ಒಳಗಿಡಿ. ಬೈಯುತ್ತಿಲ್ಲ, ಅಮ್ಮನ ಒದ್ದಾಟ ನೋಡಲಾರದೆ ಮಾಡಿದ್ದೀರಿ ಅಂತ ಗೊತ್ತು. ಯಾಕೆ ಬೇಡ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನೀವು ಬರೆದಿದ್ದರಲ್ಲಿ ಒಂದು ವಿಷಯ ಎಲ್ಲೂ ಕಾಣಲಿಲ್ಲ. ವರ್ಷದಿಂದ ಕೂದಲು ಕೀಳುವುದು ನಡೆದೇ ಇದೆ, ಆದರೆ ಅದು ಒಳಕ್ಕೆ ತಿರುಗಿದ್ದು ಯಾಕೆ ಅಂತ ನಿಮಗೆ ಯಾರೂ ಹೇಳಿದ ಹಾಗಿಲ್ಲ. ಇಡೀ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ತಪ್ಪು ಕೂದಲಿನದಾ, ರೆಪ್ಪೆಯದಾ? ಕೂದಲಿನದಾದರೆ ಕೂದಲಿಗೆ ಚಿಕಿತ್ಸೆ. ರೆಪ್ಪೆಯೇ ಒಳಕ್ಕೆ ಮಗುಚಿಕೊಂಡಿದ್ದರೆ ಎಷ್ಟು ಕಿತ್ತರೂ, ಎಷ್ಟು ಲೇಸರ್ ಹೊಡೆಸಿದರೂ ಪ್ರಯೋಜನ ಇಲ್ಲ. ಇವತ್ತು ನೆಟ್ಟಗಿರುವ ಪಕ್ಕದ ಕೂದಲು ನಾಳೆ ಚುಚ್ಚಲು ಶುರು ಮಾಡುತ್ತದೆ.

ಕೂದಲಿನ ತಪ್ಪು ಅಂದರೆ ಏನು? ರೆಪ್ಪೆಯ ಅಂಚು ಸರಿಯಾಗಿಯೇ ಇರುತ್ತದೆ. ಕೂದಲು ಹುಟ್ಟುವ ಜಾಗವೂ ಸರಿ ಇರುತ್ತದೆ. ಒಂದೆರಡು ಕೂದಲು ಮಾತ್ರ ದಿಕ್ಕು ತಪ್ಪಿ ಕಣ್ಣಿನ ಕಡೆಗೆ ಬೆಳೆಯುತ್ತವೆ. ಇದಕ್ಕೆ ಟ್ರಿಕಿಯಾಸಿಸ್ ಅನ್ನುತ್ತೇವೆ. ಕೆಲವರಿಗೆ ರೆಪ್ಪೆಯ ಅಂಚಿನ ಎಣ್ಣೆ ಗ್ರಂಥಿಗಳ ಬಾಯಿಯಿಂದಲೇ ಎರಡನೇ ಸಾಲು ಕೂದಲು ಹುಟ್ಟುತ್ತದೆ. ಅದು ಡಿಸ್ಟಿಕಿಯಾಸಿಸ್. ಆ ಕೂದಲು ಬಲು ನಯ, ಬಣ್ಣವೂ ತೆಳು. ಟಾರ್ಚ್ ಬಿಟ್ಟು ನೋಡಿದರೂ ಸುಲಭಕ್ಕೆ ಸಿಗುವುದಿಲ್ಲ. "ಏನೂ ಇಲ್ಲ, ಸುಮ್ನೆ ಡ್ರೈನೆಸ್" ಅಂತ ಕಳಿಸಿದವರಲ್ಲಿ ಕೆಲವರಿಗೆ ಇದೇ ಇರುತ್ತದೆ.

ರೆಪ್ಪೆಯ ತಪ್ಪು ಬೇರೆ. ಅದರ ಹೆಸರು ಎಂಟ್ರೋಪಿಯಾನ್. ನೀವು ಬರೆದ ವಯಸ್ಸು, ಕೆಳರೆಪ್ಪೆ, ಮತ್ತೆ ಮತ್ತೆ ಬರುವುದು, ಇದೆಲ್ಲ ನೋಡಿದರೆ ನಿಮ್ಮ ಅಮ್ಮನಿಗೆ ಇದೇ ಇರಬಹುದು ಅಂತ ನನ್ನ ಗುಮಾನಿ. ಕಣ್ಣು ನೋಡದೆ ಖಚಿತ ಹೇಳಲಾರೆ.

ಕೆಳರೆಪ್ಪೆಯನ್ನು ಎರಡು ಕಡೆಯಿಂದ ಎಳೆದು ಕಟ್ಟಿರುವ ಪಟ್ಟಿಗಳಿವೆ. ಕೆಳಗಿನಿಂದ ಹಿಡಿದೆಳೆಯುವ ಪದರವೊಂದಿದೆ. ವಯಸ್ಸಾದ ಹಾಗೆ ಎರಡೂ ಸಡಿಲವಾಗುತ್ತವೆ. ಕಣ್ಣು ಮುಚ್ಚುವ ಸ್ನಾಯು ಮಾತ್ರ ತನ್ನ ಪಾಡಿಗೆ ಗಟ್ಟಿಯಾಗಿಯೇ ಇದ್ದು, ರೆಪ್ಪೆಯ ಅಂಚಿನ ಮೇಲಕ್ಕೆ ಹತ್ತುತ್ತದೆ. ತೊಳೆದು ತೊಳೆದು ಸೋತ ಪೈಜಾಮದ ಎಲಾಸ್ಟಿಕ್ ಸೊಂಟದಲ್ಲಿ ಮಗುಚಿಕೊಳ್ಳುತ್ತದಲ್ಲ, ಹಾಗೆ ರೆಪ್ಪೆ ಒಳಕ್ಕೆ ಮಗುಚುತ್ತದೆ. ಆಗ ಒಂದೆರಡಲ್ಲ, ಇಡೀ ಸಾಲು ಕೂದಲು ಕಣ್ಣನ್ನು ಉಜ್ಜುತ್ತದೆ.

ಇದರಲ್ಲೊಂದು ಫಜೀತಿ ಇದೆ. ಶುರುವಿನಲ್ಲಿ ರೆಪ್ಪೆ ಇಡೀ ದಿನ ಮಗುಚಿರುವುದಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದಾಗ, ಸಂಜೆ ಸುಸ್ತಾದಾಗ ಮಗುಚಿಕೊಂಡು, ಕೈಯಿಂದ ಸ್ವಲ್ಪ ಕೆಳಗೆಳೆದರೆ ಸರಿಹೋಗುತ್ತದೆ. ಡಾಕ್ಟರ್ ಮುಂದೆ ಕೂತಾಗ ನೆಟ್ಟಗೆ ಇರುತ್ತದೆ! ಅವರು ಅಲ್ಲಿ ಕಂಡ ಒಂದು ಕೂದಲು ಕಿತ್ತು ಕಳಿಸುತ್ತಾರೆ. ಅದಕ್ಕೇ ಹೇಳುವುದು, ಮನೆಯಲ್ಲಿ ತೊಂದರೆ ಜಾಸ್ತಿ ಇರುವಾಗ ಮೊಬೈಲ್‌ನಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆದಿಡಿ. ಅದೊಂದು ಫೋಟೋ ಎಷ್ಟೋ ಸಲ ನಿಮ್ಮ ಹಳೇ ಚೀಟಿಗಳಿಗಿಂತ ಉಪಯೋಗಕ್ಕೆ ಬರುತ್ತದೆ.

ನೀವೇ ಒಂದು ಸಣ್ಣ ಪರೀಕ್ಷೆಯನ್ನೂ ಮಾಡಬಹುದು. ಕೈ ತೊಳೆದುಕೊಳ್ಳಿ. ಅಮ್ಮನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೆಳರೆಪ್ಪೆಯ ಚರ್ಮವನ್ನು ಬೆರಳಿಂದ ಮೆಲ್ಲಗೆ ಕೆನ್ನೆಯ ಕಡೆಗೆ ಎಳೆದು ಬಿಡಿ. ಗಟ್ಟಿ ರೆಪ್ಪೆಯಾದರೆ ತಕ್ಷಣ ಚಟ್ ಅಂತ ಕಣ್ಣಿಗೆ ಅಂಟಿಕೊಳ್ಳುತ್ತದೆ. ಸಡಿಲವಾಗಿದ್ದರೆ ಹಾಗೇ ಜೋತು ನಿಂತು, ಒಂದೆರಡು ಸಲ ಕಣ್ಣು ಮಿಟುಕಿಸಿದ ಮೇಲೆ ಜಾಗಕ್ಕೆ ಬರುತ್ತದೆ. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ತೆರೆಯಲು ಹೇಳಿ. ಅಂಚು ಒಳಗೆ ಹೊರಳಿ ಕೂದಲು ಮಾಯವಾದರೆ ತಪ್ಪು ರೆಪ್ಪೆಯದೇ.

ಆಸ್ಪತ್ರೆಯಲ್ಲಿ ನಾವು ಇನ್ನೊಂದು ನೋಡುತ್ತೇವೆ. ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕೆಳರೆಪ್ಪೆಯ ಒಳಗೆ ತಾಗಿಸುತ್ತೇವೆ. ಅದು ಫ್ಲೋರೆಸಿನ್ ಬಣ್ಣ. ಗಲ್ಲ ಊರಿ ಕೂರಿಸಿ ಕಣ್ಣನ್ನು ದೊಡ್ಡದು ಮಾಡಿ ನೋಡುವ ಯಂತ್ರವೇ ಸ್ಲಿಟ್ ಲ್ಯಾಂಪ್. ಸ್ಲಿಟ್ ಲ್ಯಾಂಪ್‌ನ ನೀಲಿ ಬೆಳಕು ಹಾಕಿದರೆ ಕಾರ್ನಿಯಾದ ಮೇಲೆ ಗೀರು ಬಿದ್ದಲ್ಲೆಲ್ಲ ಹಸಿರು ಹೊಳೆಯುತ್ತದೆ. ಕೂದಲು ಎಲ್ಲಿ ಉಜ್ಜಿದೆಯೋ ಅಲ್ಲೇ, ರೆಪ್ಪೆ ಮೇಲೆ ಕೆಳಗೆ ಓಡಾಡುವ ದಿಕ್ಕಿನಲ್ಲೇ, ಸಣ್ಣ ಸಣ್ಣ ಉದ್ದ ಗೀರು. ಮುಂದಿನ ಸಲ ಹೋದಾಗ "ಬಣ್ಣ ಹಾಕಿ ನೋಡಿದಿರಾ, ಕಾರ್ನಿಯಾಕ್ಕೆ ಪೆಟ್ಟಾಗಿದೆಯಾ?" ಅಂತ ಧೈರ್ಯವಾಗಿ ಕೇಳಿ. ಆಪರೇಷನ್ ಬೇಗ ಬೇಕಾ, ಕಾಯಬಹುದಾ ಅನ್ನುವುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಅದೇ.

ಕಾರ್ನಿಯಾ ಅಂದರೆ ಕರಿಗುಡ್ಡೆಯ ಮೇಲಿರುವ ಪಾರದರ್ಶಕ ಪದರ. ದಪ್ಪ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. ಮೈಯಲ್ಲಿ ಅತಿ ಹೆಚ್ಚು ನರಗಳು ತುಂಬಿರುವ ಜಾಗಗಳಲ್ಲಿ ಅದೂ ಒಂದು. ಒಂದು ಕೂದಲು ತಾಗಿದರೂ ಪ್ರಾಣ ಹೋದ ಹಾಗೆ ಅನ್ನಿಸುವುದು ಅದಕ್ಕೇ. ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಮಿಟುಕಿಸುತ್ತೇವೆ, ಪ್ರತಿ ಸಲ ಅಲ್ಲೇ ಗೀರು. ಗೀರಿದ ಜಾಗಕ್ಕೆ ಬ್ಯಾಕ್ಟೀರಿಯಾ ಅಥವಾ ಫಂಗಸ್ ಸೇರಿಕೊಂಡರೆ ಹುಣ್ಣಾಗುತ್ತದೆ. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯುತ್ತದೆ. ಊರ ಕಡೆ "ಕಣ್ಣಿಗೆ ಹೂ ಬಿದ್ದಿದೆ" ಅನ್ನುತ್ತಾರಲ್ಲ, ಅದು. ಸಕ್ಕರೆ ಕಾಯಿಲೆ ಇರುವವರಲ್ಲಿ ಕಾರ್ನಿಯಾದ ಸ್ಪರ್ಶವೇ ಕಡಿಮೆಯಾಗಿರಬಹುದು. ನೋವು ಅಷ್ಟಾಗಿ ಗೊತ್ತಾಗದೆ ಗಾಯ ದೊಡ್ಡದಾಗಿರುತ್ತದೆ. ಅಮ್ಮನಿಗೆ ಶುಗರ್ ಇದ್ದರೆ "ಈಗ ನೋವು ಕಮ್ಮಿ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ.

ಈಗ ಕೀಳುವ ವಿಚಾರ. ಕೀಳುವುದು ತಪ್ಪಲ್ಲ, ನಾವೂ ಕೀಳುತ್ತೇವೆ. ಒಂದೆರಡು ಕೂದಲಿದ್ದರೆ ತಕ್ಷಣ ನೆಮ್ಮದಿ ಸಿಗುತ್ತದೆ. ಆದರೆ ಬೇರು ಹಾಗೇ ಇರುವುದರಿಂದ ಸಾಮಾನ್ಯವಾಗಿ ಆರೆಂಟು ವಾರದಲ್ಲಿ ಕೂದಲು ಮತ್ತೆ ಹುಟ್ಟುತ್ತದೆ. ಹುಟ್ಟುವಾಗ ಮೋಟಾಗಿ, ಬಿರುಸಾಗಿ ಇರುತ್ತದೆ. ಉದ್ದ ಕೂದಲು ಬಾಗುತ್ತದೆ, ಮೋಟು ಕೂದಲು ನೇರ ಚುಚ್ಚುತ್ತದೆ. ಮನೆಯಲ್ಲಿ ಹುಬ್ಬಿನ ಪ್ಲಕರ್‌ನಿಂದ ಕಿತ್ತಾಗ ಎಷ್ಟೋ ಸಲ ಕೂದಲು ಬುಡಸಮೇತ ಬರದೆ ನಡುವೆ ತುಂಡಾಗುತ್ತದೆ. ಆಗ ನೀವೇ ಒಂದು ಮುಳ್ಳು ತಯಾರು ಮಾಡಿ ಬಿಟ್ಟ ಹಾಗೆ. ಕೈ ಜಾರಿದರೆ ಕಾರ್ನಿಯಾಕ್ಕೇ ಗಾಯ. ಕೆಲವರು ಕತ್ತರಿಯಿಂದ ಟ್ರಿಮ್ ಮಾಡುತ್ತಾರೆ, ಅದಂತೂ ಬೇಡವೇ ಬೇಡ. ಕೀಳಿಸಲೇಬೇಕಾದಾಗ ಸ್ಲಿಟ್ ಲ್ಯಾಂಪ್ ಇರುವ ಕಡೆ, ಕಣ್ಣಿನ ಡಾಕ್ಟರ್ ಹತ್ತಿರ ಕೀಳಿಸಿ.

ಲೇಸರ್ ಕೇಳಿದ್ದೀರಿ. ತಪ್ಪು ಕೂದಲಿನದೇ ಆಗಿದ್ದು, ಅಂಥ ಕೂದಲು ಬೆರಳೆಣಿಕೆಯಷ್ಟಿದ್ದರೆ ಬೇರು ಸುಡುವ ದಾರಿಗಳಿವೆ. ಆರ್ಗಾನ್ ಲೇಸರ್, ರೇಡಿಯೋ ಫ್ರೀಕ್ವೆನ್ಸಿ, ಎಲೆಕ್ಟ್ರಾಲಿಸಿಸ್. ನನ್ನ ಒಲವು ರೇಡಿಯೋ ಫ್ರೀಕ್ವೆನ್ಸಿ ಕಡೆಗೆ. ರೆಪ್ಪೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೂದಲಿನ ಪಕ್ಕದಲ್ಲೇ ಸಪೂರ ಸೂಜಿಯನ್ನು ಬುಡದ ತನಕ ಇಳಿಸಿ, ಒಂದು ಕ್ಷಣ ಶಾಖ ಕೊಡುತ್ತೇವೆ. ಬೇರು ಸತ್ತಿದ್ದರೆ ಕೂದಲು ಎಳೆಯುವುದೇ ಬೇಡ, ಚಿಮಟಕ್ಕೆ ತಾನಾಗಿ ಜಾರಿ ಬರುತ್ತದೆ. ತಡೆದರೆ ಬೇರು ಇನ್ನೂ ಜೀವಂತ ಇದೆ ಅಂತ ಅರ್ಥ, ಮತ್ತೊಮ್ಮೆ ಸುಡಬೇಕು. ಇಷ್ಟೆಲ್ಲ ಮಾಡಿದರೂ ಕೆಲವು ಕೂದಲು ಮತ್ತೆ ಬರುತ್ತವೆ. ಎರಡು ಮೂರು ಸಲ ಮಾಡಿಸಬೇಕಾಗಬಹುದು. ಮೊದಲ ಸಲಕ್ಕೇ "ಶಾಶ್ವತ" ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಸ್ವಲ್ಪ ಹುಷಾರು.

ತುಂಬ ಕೂದಲಿದ್ದಾಗ ಹೆಪ್ಪುಗಟ್ಟಿಸುವ ಕ್ರಯೋಥೆರಪಿ ಮಾಡುವುದೂ ಉಂಟು. ಬೇರಿನ ಹತ್ತಿರ ಮೈನಸ್ 20 ಡಿಗ್ರಿ ತನಕ ತಣ್ಣಗೆ ಮಾಡಿ, ಕರಗಿಸಿ, ಮತ್ತೊಮ್ಮೆ ತಣ್ಣಗೆ ಮಾಡುತ್ತಾರೆ. ಕೂದಲೇನೋ ಹೋಗುತ್ತದೆ. ಆದರೆ ನಮ್ಮ ಮೈಬಣ್ಣದವರಿಗೆ ಆ ಜಾಗದ ಚರ್ಮ ಬೆಳ್ಳಗೆ ತೊನ್ನಿನ ಹಾಗೆ ಉಳಿಯಬಹುದು, ಅಕ್ಕಪಕ್ಕದ ಒಳ್ಳೆ ಕೂದಲೂ ಉದುರಬಹುದು. ಹಾಗಾಗಿ ನಾನು ಇದನ್ನು ಮೊದಲಿಗೆ ಹೇಳುವುದಿಲ್ಲ.

ಅಮ್ಮನಿಗೆ ಎಂಟ್ರೋಪಿಯಾನ್ ಅಂತ ಖಚಿತವಾದರೆ ಇದ್ಯಾವುದೂ ಬೇಡ. ರೆಪ್ಪೆಯನ್ನು ಬಿಗಿ ಮಾಡುವ ಆಪರೇಷನ್ ಮಾಡಬೇಕು. ಹೊರಮೂಲೆಯಲ್ಲಿ ಸಡಿಲವಾದ ರೆಪ್ಪೆಯನ್ನು ಸ್ವಲ್ಪ ಗಿಡ್ಡ ಮಾಡಿ ಮೂಳೆಯ ಪೊರೆಗೆ ಹೊಲಿಯುತ್ತೇವೆ. ಕೆಳಗಿನಿಂದ ಎಳೆಯುವ ಪದರ ಬಿಟ್ಟುಕೊಂಡಿದ್ದರೆ ಅದನ್ನೂ ಜಾಗಕ್ಕೆ ಕೂರಿಸುತ್ತೇವೆ. ಮರಗಟ್ಟುವ ಇಂಜೆಕ್ಷನ್ ಸಾಕು, ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಕಿಲ್ಲ. ಮುಕ್ಕಾಲು ಗಂಟೆಯೊಳಗೆ ಮುಗಿಯುವ ಕೆಲಸ. ಸಾಮಾನ್ಯವಾಗಿ ಅದೇ ದಿನ ಮನೆಗೆ. ಎರಡು ವಾರ ಊತ, ಕಪ್ಪು ನೀಲಿ ಕಲೆ ಇರುತ್ತದೆ. ನೆಂಟರು ಬಿದ್ದರಾ ಅಂತ ಕೇಳುತ್ತಾರೆ, ಅಷ್ಟೇ. ಮದುವೆ ಮುಂಜಿ ಇದ್ದರೆ ದಿನ ನೋಡಿಕೊಂಡು ಮಾಡಿಸಿ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಥರದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿಯೇ ತೀರ್ಮಾನ ಮಾಡಬೇಕು. ತೀರ ಅಶಕ್ತರಾದ ಹಿರಿಯರಿಗೆ ಎರಡು ಮೂರು ಹೊಲಿಗೆ ಹಾಕಿ ರೆಪ್ಪೆಯನ್ನು ಹೊರಕ್ಕೆ ತಿರುಗಿಸುವ ಸಣ್ಣ ಉಪಾಯವೂ ಇದೆ. ಹಾಸಿಗೆ ಪಕ್ಕದಲ್ಲೇ ಮಾಡಬಹುದು. ಆದರೆ ಬರೀ ಹೊಲಿಗೆ ಹಾಕಿದಾಗ ರೆಪ್ಪೆ ಮತ್ತೆ ಮಗುಚುವುದು ಜಾಸ್ತಿ. ಓಡಾಡಿಕೊಂಡಿರುವ 69ರ ಹೆಣ್ಣುಮಗಳಿಗೆ ನಾನಾದರೆ ಪೂರ್ತಿ ಆಪರೇಷನ್ನೇ ಹೇಳುತ್ತೇನೆ.

ಆಪರೇಷನ್ ದಿನ ಬರುವ ತನಕ? ಮೈಕ್ರೋಪೋರ್ ಟೇಪ್ ಅಂತ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಒಂದು ಸಣ್ಣ ತುಂಡನ್ನು ಕೆಳರೆಪ್ಪೆಯ ಚರ್ಮಕ್ಕೆ ಅಂಟಿಸಿ, ಕೆಳಕ್ಕೆ ಸ್ವಲ್ಪ ಹೊರಮೂಲೆಯ ಕಡೆಗೆ ಎಳೆದು ಕೆನ್ನೆಗೆ ಒತ್ತಿ. ಅಂಚು ಹೊರಗೆ ತಿರುಗಿದರೆ ಸಾಕು, ಕಣ್ಣು ಮುಚ್ಚಲು ತೊಂದರೆ ಆಗಬಾರದು. ಇದರ ಜೊತೆಗೆ ಪ್ರಿಸರ್ವೇಟಿವ್ ಇಲ್ಲದ ಲೂಬ್ರಿಕೆಂಟ್ ಡ್ರಾಪ್ಸ್ ಹಗಲಲ್ಲಿ, ಜೆಲ್ ಮಲಗುವಾಗ. ಇಷ್ಟಕ್ಕೇ ಎಷ್ಟೋ ನೆಮ್ಮದಿ ಸಿಗುತ್ತದೆ. ಹಳೇ ಚೀಟಿಯಲ್ಲಿರುವ ಸ್ಟೀರಾಯ್ಡ್ ಡ್ರಾಪ್ಸ್ ಅನ್ನು ಮಾತ್ರ ಮತ್ತೆ ತಂದು ಹಾಕಬೇಡಿ. ಹಾಕಿದ ತಕ್ಷಣ ಕಣ್ಣು ಬೆಳ್ಳಗಾಗಿ ಹಾಯ್ ಅನ್ನಿಸುತ್ತದೆ. ಆದರೆ ಗೀರು ಬಿದ್ದ ಕಾರ್ನಿಯಾದಲ್ಲಿ ಸೋಂಕು ಹಬ್ಬಲು ಅದೇ ದಾರಿ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ ಬರಬಹುದು.

ಪೊರೆಯ ಆಪರೇಷನ್ ತಡೆದುಕೊಳ್ಳಲಿ. ಮೊದಲು ರೆಪ್ಪೆ, ಆಮೇಲೆ ಪೊರೆ. ರೆಪ್ಪೆಯ ಅಂಚಿನಲ್ಲಿ ಸೋಂಕು ಇದ್ದು, ಕೂದಲು ಕಣ್ಣನ್ನು ಉಜ್ಜುತ್ತಿರುವಾಗ ಕಣ್ಣಿನೊಳಗೆ ಕೈ ಹಾಕುವುದು ಅಪಾಯ. ಸೋಂಕು ಒಳಗೆ ಹೋದರೆ ದೃಷ್ಟಿಯೇ ಹೋಗಬಹುದು. ಇನ್ನೊಂದು ಕಾರಣವೂ ಇದೆ. ಕಣ್ಣೊಳಗೆ ಇಡುವ ಲೆನ್ಸ್‌ನ ನಂಬರ್ ಲೆಕ್ಕ ಹಾಕುವಾಗ ಕಾರ್ನಿಯಾದ ವಕ್ರತೆ ಅಳೆಯುತ್ತಾರೆ. ಗೀರು ಬಿದ್ದ ಕಾರ್ನಿಯಾದಲ್ಲಿ ಆ ಅಳತೆ ತಪ್ಪುತ್ತದೆ. ರೆಪ್ಪೆ ಸರಿಹೋಗಿ ಕಾರ್ನಿಯಾ ಪೂರ್ತಿ ಮಾಯ್ದ ಮೇಲೆ ಅಳೆಸಿ. ಪೊರೆಗೆ ಅಂಥ ಅವಸರ ಸಾಮಾನ್ಯವಾಗಿ ಇರುವುದಿಲ್ಲ.

ನಿಮ್ಮ ಅಮ್ಮನಿಗೆ ಸಂಬಂಧವಿಲ್ಲದಿದ್ದರೂ ಬೇರೆ ಓದುಗರಿಗಾಗಿ ಒಂದಿಷ್ಟು ಹೇಳಬೇಕು. ರೆಪ್ಪೆಯ ಒಳಮೈ ಗಾಯವಾಗಿ ಮಾಯುವಾಗ ಸುಕ್ಕುಗಟ್ಟಿ ಅಂಚನ್ನು ಒಳಗೆ ಎಳೆದುಕೊಳ್ಳುವುದೂ ಉಂಟು. ಒಂದು ಕಾಲಕ್ಕೆ ಇದಕ್ಕೆ ದೊಡ್ಡ ಕಾರಣ ಟ್ರಕೋಮಾ. ಮಕ್ಕಳಲ್ಲಿ ಕ್ಲಮೈಡಿಯಾ ಬ್ಯಾಕ್ಟೀರಿಯಾದಿಂದ ಮತ್ತೆ ಮತ್ತೆ ಕಣ್ಣು ಕೆಂಪಾಗಿ, ಎಷ್ಟೋ ವರ್ಷದ ಮೇಲೆ ಮೇಲ್ರೆಪ್ಪೆ ಒಳಕ್ಕೆ ಬಾಗುತ್ತಿತ್ತು. ಭಾರತ ಇದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಮಾನ್ಯ ಮಾಡಿತು. ಹಳೇ ಗಾಯದ ಹಿರಿಯರು ಮಾತ್ರ ಇನ್ನೂ ಇದ್ದಾರೆ.

ರೆಪ್ಪೆಯ ಒಳಮೈಗೆ ಇಂಥ ಗಾಯ ಮಾಡುವುದರಲ್ಲಿ ನಮ್ಮ ಕಡೆ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸುಣ್ಣ. ಎಲೆ ಅಡಿಕೆಗೆ ತಂದಿಟ್ಟ ಸುಣ್ಣದ ಪ್ಯಾಕೆಟ್ಟನ್ನು ಮಗು ಹಿಸುಕುತ್ತದೆ, ಪಚಕ್ ಅಂತ ಕಣ್ಣಿಗೆ ಹಾರುತ್ತದೆ. ಸುಣ್ಣ ಕ್ಷಾರ, ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಆ ಕ್ಷಣ ಆಟೋ ಹುಡುಕಬೇಡಿ. ನಲ್ಲಿ ತಿರುಗಿಸಿ, ರೆಪ್ಪೆ ಬಿಡಿಸಿ ಹಿಡಿದು, ಕಡೇಪಕ್ಷ ಅರ್ಧ ಗಂಟೆ ನೀರು ಹರಿಸಿ. ಕಾವೇರಿ ನೀರೋ ಬೋರ್ ನೀರೋ ಅಂತ ಯೋಚಿಸುವ ಹೊತ್ತಲ್ಲ ಅದು. ಆಮೇಲೆ ಆಸ್ಪತ್ರೆಗೆ ಓಡಿ. ಕಟ್ಟಡ ಕೆಲಸದವರ ಕಣ್ಣಿಗೆ ಸಿಮೆಂಟ್ ಬಿದ್ದರೂ ಇದೇ ಮಾತು.

ಇನ್ನೊಂದು ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್. ಸಲ್ಫಾ ಔಷಧಿ, ಫಿಟ್ಸ್ ಮಾತ್ರೆ ಥರದವು ಕೆಲವರಿಗೆ ಒಗ್ಗದೆ ಮೈಯೆಲ್ಲ ಬೊಬ್ಬೆ ಬರುತ್ತದೆ. ಜೀವ ಉಳಿದ ಮೇಲೆ ರೆಪ್ಪೆಯ ಅಂಚು ಒರಟಾಗಿ, ಕೂದಲು ಎಲ್ಲೆಂದರಲ್ಲಿ ಬೆಳೆಯುತ್ತದೆ. ಇವರಿಗೆ ಸುಮ್ಮನೆ ಕೀಳುತ್ತಾ, ಸುಡುತ್ತಾ ಕೂರಬಾರದು. ತುಟಿಯ ಒಳಗಿನ ತೆಳು ಪದರ ತೆಗೆದು ರೆಪ್ಪೆಯ ಅಂಚಿಗೆ ಕಸಿ ಮಾಡುವ ಆಪರೇಷನ್ ಇದೆ. ಕಾರ್ನಿಯಾ ಕಾಪಾಡಲು ಸ್ಕ್ಲೀರಲ್ ಲೆನ್ಸ್, ಅಂದರೆ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್ ಇದೆ. ಇದರಲ್ಲಿ ಪಳಗಿದವರ ಹತ್ತಿರವೇ ಹೋಗಬೇಕು.

ಎಲ್ಲಕ್ಕಿಂತ ಸಾಮಾನ್ಯ ಕಾರಣ ಅಷ್ಟೇನೂ ದೊಡ್ಡದಲ್ಲ. ಬ್ಲೆಫರೈಟಿಸ್, ಅಂದರೆ ರೆಪ್ಪೆಯ ಅಂಚಿನ ಉರಿಯೂತ. ಕೂದಲಿನ ಬುಡದಲ್ಲಿ ತಲೆಹೊಟ್ಟಿನ ಥರ ಪುಡಿ, ಬೆಳಗ್ಗೆ ಕಣ್ಣು ಅಂಟುವುದು, ಪದೇ ಪದೇ ಕಣ್ಣುಕುರು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಬೇರು ಹಾಳಾಗಿ ಕೂದಲು ದಿಕ್ಕು ತಪ್ಪುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯ ಕಾವು ದಿನಕ್ಕೆ ಐದಾರು ನಿಮಿಷ, ಆಮೇಲೆ ಅಂಚನ್ನು ಲಿಡ್ ವೈಪ್ಸ್‌ನಿಂದ ಒರೆಸುವುದು. ಬೇಸರದ ಕೆಲಸ, ಆದರೆ ಬಿಡದೆ ಮಾಡಿದವರಿಗೆ ಗುಣ ಸಿಗುತ್ತದೆ. ಗ್ಲಾಕೋಮಾಕ್ಕೆ ಹಾಕುವ ಲ್ಯಾಟಾನೊಪ್ರೋಸ್ಟ್, ಬೈಮಾಟೊಪ್ರೋಸ್ಟ್ ಡ್ರಾಪ್ಸ್ ಕೂದಲನ್ನು ಉದ್ದ, ದಪ್ಪ ಮಾಡಿ ಒಮ್ಮೊಮ್ಮೆ ಒಳಕ್ಕೆ ಬಾಗಿಸುತ್ತವೆ. ಹಾಗಂತ ಡ್ರಾಪ್ಸ್ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಮನೆಮದ್ದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮುಚ್ಚಿದ ಕಣ್ಣಿನ ಮೇಲೆ ತೊಳೆದ ನಂದಿಬಟ್ಟಲು ಹೂವಿಟ್ಟುಕೊಂಡು ತಂಪು ಅಂದರೆ ನನ್ನದೇನೂ ತಕರಾರಿಲ್ಲ. ಕಣ್ಣೊಳಗೆ ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಹಾಕುವುದು ಬೇಡ. ಗೀರು ಬಿದ್ದ ಕಣ್ಣಿಗೆ ಅದು ಸೋಂಕನ್ನು ಕರೆದ ಹಾಗೆ.

ಇನ್ನು ನಿಮ್ಮ ಮಗ. ಅಜ್ಜಿಯದಕ್ಕೂ ಇವನದಕ್ಕೂ ಸಂಬಂಧ ಇಲ್ಲ. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಎಪಿಬ್ಲೆಫರಾನ್. ಕೆಳರೆಪ್ಪೆಯ ಕೆಳಗೆ, ಮೂಗಿನ ಪಕ್ಕಕ್ಕೆ, ಚರ್ಮದ ಒಂದು ಮಡಿಕೆ ಜಾಸ್ತಿ ಇದ್ದು ಕೂದಲನ್ನು ಮೇಲಕ್ಕೆ ತಳ್ಳುತ್ತದೆ. ರೆಪ್ಪೆ ಸರಿಯಾಗಿಯೇ ಇರುತ್ತದೆ. ಮಕ್ಕಳ ಕೂದಲು ಮೆತ್ತಗಿರುವುದರಿಂದ ಎಷ್ಟೋ ಮಕ್ಕಳಿಗೆ ಏನೂ ತೊಂದರೆ ಆಗುವುದಿಲ್ಲ. ಮುಖ ಬೆಳೆದ ಹಾಗೆ ಮಡಿಕೆ ತಾನಾಗಿ ಮಾಯವಾಗುವುದೂ ಉಂಟು. ಆದರೆ ಒಂದು ಸಲ ತೋರಿಸಿ. ಬಿಸಿಲಿಗೆ ಹೋದರೆ ಕಣ್ಣು ಕಿರಿದು ಮಾಡುತ್ತಾನಾ, ಉಜ್ಜುತ್ತಾನಾ, ಟಿವಿ ಹತ್ತಿರ ಹೋಗಿ ಕೂರುತ್ತಾನಾ ಗಮನಿಸಿ. ಈ ಮಕ್ಕಳಲ್ಲಿ ಅಸ್ಟಿಗ್ಮಾಟಿಸಂ, ಅಂದರೆ ಕಾರ್ನಿಯಾದ ವಕ್ರತೆ ಎಲ್ಲ ಕಡೆ ಒಂದೇ ಸಮ ಇರದೆ ನೋಟ ಮಸುಕಾಗುವುದು ಜಾಸ್ತಿ. ಕನ್ನಡಕ ಬೇಕಾಗಿದ್ದೂ ಹಾಕದಿದ್ದರೆ ಆ ಕಣ್ಣು ಸೋಮಾರಿಯಾಗುತ್ತದೆ. ಹಾಗಾಗಿ ಡ್ರಾಪ್ಸ್ ಹಾಕಿ ನಂಬರ್ ಪರೀಕ್ಷೆ ಮಾಡಿಸಿ. ಕಾರ್ನಿಯಾಕ್ಕೆ ಗೀರು ಬೀಳುತ್ತಿದ್ದರೆ ಮಾತ್ರ ಆಪರೇಷನ್ ಮಾತು. ಮಕ್ಕಳಾದ್ದರಿಂದ ಪೂರ್ತಿ ಅರಿವಳಿಕೆ ಕೊಡಬೇಕಾಗುತ್ತದೆ.

ಎಲ್ಲಿ ತೋರಿಸುವುದು? ಕಣ್ಣಿನ ಡಾಕ್ಟರುಗಳಲ್ಲೂ ರೆಪ್ಪೆಯ ಕೆಲಸವನ್ನೇ ಮಾಡುವವರಿದ್ದಾರೆ. ಆಕ್ಯುಲೋಪ್ಲಾಸ್ಟಿ ವಿಭಾಗ ಅಂತ ಕೇಳಿ. ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಇರುತ್ತದೆ. ಸರ್ಕಾರಿ ಬೇಕೆಂದರೆ ಮಿಂಟೊ ಇದೆ. ವಿಜಯನಗರದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಬೆಳಗ್ಗೆ ಬೇಗ ಹೋಗಿ, ಕ್ಯೂ ಇರುತ್ತದೆ. ಖಾಸಗಿಯಲ್ಲಿ ಮಾಡಿಸಿ ವಿಮೆ ಕೇಳುವುದಾದರೆ, ಕೂದಲು ಕಾರ್ನಿಯಾಕ್ಕೆ ತಾಗಿ ಗಾಯ ಮಾಡಿದೆ ಅಂತ ಡಾಕ್ಟರಿಂದ ಸ್ಪಷ್ಟವಾಗಿ ಬರೆಸಿ, ಕಣ್ಣಿನ ಫೋಟೋ ಸೇರಿಸಿ. ರೆಪ್ಪೆಯ ಆಪರೇಷನ್ ಅಂದ ತಕ್ಷಣ ಸೌಂದರ್ಯ ಚಿಕಿತ್ಸೆ ಅಂತ ತಳ್ಳಿಹಾಕುವುದುಂಟು.

ಅಪಾಯಿಂಟ್‌ಮೆಂಟ್ ಸಿಗುವ ತನಕ ಕಾಯಬಹುದು, ಆದರೆ ಎಲ್ಲ ಸಂದರ್ಭದಲ್ಲೂ ಅಲ್ಲ. ನೋವು ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ದೃಷ್ಟಿ ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅವತ್ತೇ ಹೋಗಿ. ರಾತ್ರಿಯಾದರೂ ಸರಿ, ಎಮರ್ಜೆನ್ಸಿಗೇ ಹೋಗಿ.